ಗಿಡ್ಡ ಕೊಕ್ಕಿನ ಪಾರಿವಾಳ ಬೇಕಾ? ಮೊದಲು ಹೋಮರ್ ತನ್ನಿ

ಆಫ್ರಿಕನ್ ಔಲ್, ಟರ್ಬಿಟ್, ಶಾರ್ಟ್ ಫೇಸ್ ಟಂಬ್ಲರ್. ಮೂರೂ ಗಿಡ್ಡ ಕೊಕ್ಕಿನ ಪಾರಿವಾಳ ತಳಿಗಳು. ಪ್ರದರ್ಶನದಲ್ಲಿ ಇವುಗಳ ದುಂಡು ತಲೆ, ಪುಟಾಣಿ ಕೊಕ್ಕು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ತಾಪತ್ರಯ ಇರುವುದೂ ಆ ಕೊಕ್ಕಿನಲ್ಲೇ. ಅದರಿಂದ ಮರಿಗೆ ಸರಿಯಾಗಿ ಗುಟುಕು ಕೊಡಲು ಆಗುವುದಿಲ್ಲ. ಹಾಗಾಗಿ ಒಂದು ಜೋಡಿ ಔಲ್ ತರುವ ಮುಂಚೆ, ಅದರ ಮರಿ ಸಾಕಿಕೊಡಲು ಎರಡು ಜೋಡಿ ಹೋಮರ್ (ಮಾಮೂಲಿ ಉದ್ದದ ಕೊಕ್ಕಿನ ಪಾರಿವಾಳ ತಳಿ) ತಂದಿಟ್ಟುಕೊಳ್ಳಿ. ನಾನು ಉಲ್ಟಾ ಮಾಡಿದೆ, ಮೊದಲ ವರ್ಷ ಒಂದು ಮರಿಯೂ ಉಳಿಯಲಿಲ್ಲ.

ಮೇವಿಗೆ ಮುಸುಕಿನ ಜೋಳ, ಕಡಲೆ ಬೇಡ. ಸಜ್ಜೆ, ನವಣೆ, ಗೋಧಿ, ಹೆಸರುಕಾಳು ಸಾಕು. ತಟ್ಟೆಯಲ್ಲಿ ಹರಡದೆ ಆಳದ ಬಟ್ಟಲಿಗೆ ತುಂಬಿಡಿ. ಒಂಟಿ ಕಾಳು ಹೆಕ್ಕುವುದು ಇವಕ್ಕೆ ಕಷ್ಟ, ರಾಶಿಗೆ ಮೂತಿ ಹಾಕುವುದು ಸಲೀಸು. ಚಿಪ್ಪಿನ ಪುಡಿ ಸದಾ ಇರಲಿ.

ಜೋಡಿ ಮಾಡುವಾಗ ಎರಡೂ ತೀರಾ ಗಿಡ್ಡ ಕೊಕ್ಕಿನವು ಬೇಡ. ಒಂದರ ಕೊಕ್ಕು ಚೂರು ಉದ್ದವಿರಲಿ. ಔಲ್, ಹೋಮರ್ ಎರಡನ್ನೂ ಒಂದೇ ದಿನ ಜೋಡಿಗೆ ಬಿಡಿ.

ಇನ್ನು ಮೊಟ್ಟೆ. ಮೊದಲನೆಯದು ಇಟ್ಟು ಸುಮಾರು 44 ಗಂಟೆಗೆ ಎರಡನೆಯದು ಬರುತ್ತದೆ. ಮೊದಲನೆಯದನ್ನು ತೆಗೆದಿಟ್ಟು ಆ ಜಾಗಕ್ಕೆ ಪ್ಲಾಸ್ಟಿಕ್ ಮೊಟ್ಟೆ ಇಡಿ. ಎರಡನೆಯದು ಬಂದ ಮೇಲೆ ಎರಡನ್ನೂ ಹೋಮರ್ ಕೆಳಗೆ ಇಟ್ಟು, ಅದರ ಸ್ವಂತ ಮೊಟ್ಟೆ ತೆಗೆಯಿರಿ. ಔಲ್ ಪ್ಲಾಸ್ಟಿಕ್ ಮೊಟ್ಟೆಗೇ ಕಾವು ಕೂರಲಿ. ಇಲ್ಲದಿದ್ದರೆ ಬೇಗನೆ ಮತ್ತೆ ಮೊಟ್ಟೆಯಿಟ್ಟು ಸೊರಗುತ್ತದೆ.

ಎರಡೂ ಜೋಡಿ ಮೊಟ್ಟೆಯಿಟ್ಟ ದಿನದಲ್ಲಿ ಒಂದು ದಿನಕ್ಕಿಂತ ಜಾಸ್ತಿ ವ್ಯತ್ಯಾಸ ಬೇಡ. ಯಾಕೆಂದರೆ ಗಂಡು, ಹೆಣ್ಣು ಎರಡಕ್ಕೂ ಗಂಟಲ ಚೀಲದಲ್ಲಿ ‘ಹಾಲು’ ಊರುವುದು ಮರಿ ಬರುವ ಒಂದೆರಡು ದಿನ ಮುಂಚೆ. ಒಡೆದ ಹಾಲಿನ ಗಿಣ್ಣಿನಂತೆ ಇರುತ್ತದೆ. ಮರಿ ಮುಂಚೆಯೇ ಬಂದುಬಿಟ್ಟರೆ ಅದಕ್ಕೆ ಹಾಲೇ ಇರುವುದಿಲ್ಲ, ಅಲ್ವಾ?

ಸುಮಾರು 18ನೇ ದಿನ ಮೊಟ್ಟೆ ಬಿರಿಯುತ್ತದೆ. ಗಿಡ್ಡ ಕೊಕ್ಕಿನ ಟಂಬ್ಲರ್ ಮರಿಗಳಲ್ಲಿ ಹೊರಬರುವುದಕ್ಕಿಂತ ಒಳಗೇ ಸಾಯುವುದೇ ಹೆಚ್ಚು, ಅದಕ್ಕೇ ಸಾಕುವವರು ಕೈ ಹಾಕುತ್ತಾರೆ ಎಂದು ಡಾರ್ವಿನ್ 1859ರಲ್ಲೇ ಬರೆದಿದ್ದ. ಅವನೂ ಪಾರಿವಾಳ ಸಾಕಿದವನೇ. ಬಿರುಕು ಬಿಟ್ಟು ಒಂದು ದಿನವಾದರೂ ಮರಿ ಬರದಿದ್ದರೆ, ಉಗುರುಬೆಚ್ಚಗಿನ ನೀರಲ್ಲಿ ಬೆರಳು ಅದ್ದಿ ಬಿರುಕಿನ ಸುತ್ತ ಅಕ್ಕಿಕಾಳಷ್ಟೇ ಚೂರು ಬಿಡಿಸಿ. ಒಳಪೊರೆಯಲ್ಲಿ ಕೆಂಪು ಎಳೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಮೊಟ್ಟೆ ಗೂಡಿಗೆ ವಾಪಸ್. ಮೂರ್ನಾಲ್ಕು ಗಂಟೆ ಬಿಟ್ಟು ನೋಡಿ.

ವಾರದ ಹೊತ್ತಿಗೆ ಮರಿಯ ಕಾಲಿಗೆ ಗುರುತಿನ ಉಂಗುರ ಹಾಕಿ. ತಡ ಮಾಡಿದರೆ ಪಾದ ದಪ್ಪಗಾಗಿ ತೂರುವುದಿಲ್ಲ. ತಿಂಗಳು ತುಂಬಿತೆಂದು ಹೋಮರ್‌ನಿಂದ ಬೇರೆ ಮಾಡಲು ಆತುರ ಬೇಡ. ಮರಿ ತಾನೇ ಕಾಳು ನುಂಗುವುದನ್ನು ನೋಡಿ, ಸಂಜೆ ಗಂಟಲ ಚೀಲ ಮುಟ್ಟಿ, ತುಂಬಿದ್ದರೆ ಮಾತ್ರ ಬೇರೆ ಮಾಡಿ.