ತರಕಾರಿ ಹಬೆಯಲ್ಲಿ ಬೇಯಿಸಲು ಯಾವ ಪಾತ್ರೆ? ನಮ್ಮ ಮನೆಯ ಅನುಭವ

ಎರಡು ವರ್ಷದ ಹಿಂದೆ ಅವ್ವನ ಹಲ್ಲು ತೆಗೆಸಬೇಕಾಯಿತು. ಹೊಸ ಸೆಟ್ ಕೂರುವವರೆಗೆ ಮೆತ್ತಗಿನ ಊಟವನ್ನೇ ಕೊಡಿ ಎಂದರು ಡಾಕ್ಟರ್. ಅನ್ನ, ಸಾರು, ಗಂಜಿಗೆ ತೊಂದರೆ ಇರಲಿಲ್ಲ. ಕಷ್ಟ ಬಂದದ್ದು ತರಕಾರಿಗೆ. ಬೀನ್ಸನ್ನು ನೀರಲ್ಲಿ ಬೇಯಿಸಿ ಬಸಿದು ಕೊಟ್ಟರೆ ಅವ್ವ ಒಂದು ತುತ್ತು ತಿಂದು ತಟ್ಟೆ ಸರಿಸಿಬಿಡುತ್ತಿದ್ದರು.

"ರುಚಿಯೆಲ್ಲ ಆ ನೀರಿಗೆ ಹೋಯ್ತಲ್ಲ ಮಗಾ. ಕಡಂಬುಟ್ಟು ಹಬೆಯಲ್ಲಿ ಬೇಯಿಸ್ತೀಯಲ್ಲ, ಬೀನ್ಸನ್ನೂ ಹಾಗೇ ಬೇಯಿಸಬಾರದಾ?"

ಅವ್ವ ಹೇಳಿದ್ದು ಸರಿಯೇ. ಕೊಡಗಿನವರಿಗೆ ಹಬೆಯ ಅಡುಗೆ ಹೊಸದಲ್ಲ. ಕಡಂಬುಟ್ಟು, ನೂಪುಟ್ಟು, ಪಾಪುಟ್ಟು ಎಂಬ ನಮ್ಮ ಅಕ್ಕಿ ತಿಂಡಿಗಳೆಲ್ಲ ಹಬೆಯಲ್ಲೇ ಬೇಯುವುದು. ಆದರೂ ಆ ಪಾತ್ರೆಯಲ್ಲಿ ತರಕಾರಿ ಇಡಬೇಕು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

ಅಜ್ಜಿ ಕಾಲದ ಪುಟ್ಟಿನ ಪಾತ್ರೆ ನಮ್ಮ ಅಟ್ಟದಲ್ಲಿದೆ. ತಾಮ್ರದ್ದು. ಕೈಲ್ ಪೊಳ್ದ್ ಹಬ್ಬ ಬಂದಾಗ ಕೆಳಗಿಳಿಯುತ್ತದೆ, ಮತ್ತೆ ಮೇಲೇರುತ್ತದೆ. ಮೊದಲು ಅದನ್ನೇ ಇಳಿಸಿದೆ. ಮನೆ ತುಂಬ ನೆಂಟರಿದ್ದಾಗ ಬಳಸುವ ಪಾತ್ರೆ ಅದು. ನಾಲ್ಕು ಬೀನ್ಸಿಗೆ ಒಲೆ ಮೇಲಿಟ್ಟರೆ ನೀರು ಕುದಿಯಲೇ ಇಪ್ಪತ್ತು ನಿಮಿಷ ಬೇಕಾಯಿತು. ಒಳಗಿನ ಕಲಾಯಿಯೂ ಅಲ್ಲಲ್ಲಿ ಹೋಗಿ ಕೆಂಪು ತಾಮ್ರ ಕಾಣುತ್ತಿತ್ತು. ಕಲಾಯಿ ಇಲ್ಲದ ತಾಮ್ರಕ್ಕೆ ಹುಳಿ ತಾಗಬಾರದು. ಟೊಮೆಟೊ ಇಡುವ ಹಾಗಿಲ್ಲ, ಹುಳಿ ಸೊಪ್ಪು ಇಡುವ ಹಾಗಿಲ್ಲ. ಒರೆಸಿ ಮತ್ತೆ ಅಟ್ಟಕ್ಕೇ ಸೇರಿಸಿದೆ.

ಆಮೇಲೆ ಕುಕ್ಕರ್. ಎಲ್ಲರ ಮನೆಯಲ್ಲೂ ಇರುವುದು ಅದೇ ಅಲ್ವಾ? ತಳದಲ್ಲಿ ನೀರು, ಮೇಲೆ ತೂತಿನ ತಟ್ಟೆ, ಅದರ ಮೇಲೆ ಬೀನ್ಸ್. ಒಂದು ಕೂಗು ಬಂದ ತಕ್ಷಣ ಇಳಿಸಿದೆ. ಒತ್ತಡ ತಾನಾಗಿ ಇಳಿಯುವಷ್ಟರಲ್ಲಿ ಬೀನ್ಸ್ ಕಂದು ಬಣ್ಣಕ್ಕೆ ತಿರುಗಿ, ಎತ್ತಿದರೆ ಮುರಿಯುತ್ತಿತ್ತು. ತೂಕ ಹಾಕಿದ ಕುಕ್ಕರಿನೊಳಗೆ ಶಾಖ 120 ಡಿಗ್ರಿ ಆಸುಪಾಸು ಇರುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,100 ಮೀಟರ್ ಎತ್ತರದಲ್ಲಿದೆ. ಹಾಗಾಗಿ ನಮ್ಮ ಕಡೆ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಮೊದಲೇ, ಸುಮಾರು 96ಕ್ಕೇ ಕುದಿಯುತ್ತದೆ. ಅಂದರೆ ಕುಕ್ಕರಿಗೂ ಸಾಮಾನ್ಯ ಹಬೆಗೂ ಇಪ್ಪತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ. ಬೀಟ್‌ರೂಟ್, ಗೆಣಸಿನಂಥ ಗಟ್ಟಿ ತರಕಾರಿಗೆ ಅದರಿಂದ ಲಾಭ. ಬೀನ್ಸಿಗೆ, ಹೂಕೋಸಿಗೆ ಅಷ್ಟು ಶಾಖ ಬೇಡ. ತೂಕ ತೆಗೆದಿಟ್ಟು ಬೇಯಿಸಿದರೆ ಕುಕ್ಕರೂ ಒಳ್ಳೆಯ ಹಬೆ ಪಾತ್ರೆಯೇ. ಆದರೆ ನಮ್ಮದು ಐದು ಲೀಟರಿನದು, ಬಾಯಿ ಕಿರಿದು. ತರಕಾರಿ ಒಂದರ ಮೇಲೊಂದು ರಾಶಿ ಬೀಳುತ್ತದೆ. ಅಂಚಿನದು ಬೆಂದಿರುತ್ತದೆ, ನಡುವಿನದು ಹಸಿ ಉಳಿದಿರುತ್ತದೆ.

ಪಾತ್ರೆಯ ಅಗಲ ಎಷ್ಟು ಮುಖ್ಯ ಅಂತ ನನಗೆ ಮೊದಲು ಗೊತ್ತಾದದ್ದು ಆಗಲೇ. ಆದರೂ ಆ ಪಾಠವನ್ನು ಪೂರ್ತಿ ಕಲಿಯುವ ಮೊದಲು ಇನ್ನೂ ಮೂರು ಸಾಮಾನು ಮನೆಗೆ ಬಂದವು.

ಒಂದು, ಹೂವಿನ ದಳದ ಹಾಗೆ ಬಿಚ್ಚಿ ಮಡಚುವ ಸ್ಟೀಲ್ ಜರಡಿ. ಯಾವ ಪಾತ್ರೆಯೊಳಗೂ ಕೂರುತ್ತದೆ, ಬೆಲೆಯೂ ಕಡಿಮೆ. ಇಬ್ಬರೇ ಇರುವ ಮನೆಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಕೊರತೆ ಇರುವುದು ಅದರ ಕಾಲಿನಲ್ಲಿ. ನಾನು ತಂದದ್ದರ ಕಾಲು ಎರಡು ಬೆರಳಷ್ಟೇ ಎತ್ತರ. ಕೆಳಗೆ ಒಂದು ಲೋಟ ನೀರು ಹಿಡಿಯುವುದೇ ಹೆಚ್ಚು. ಅದಕ್ಕಿಂತ ಜಾಸ್ತಿ ಹಾಕಿದರೆ ಕುದಿಯುವ ನೀರು ತೂತಿನಿಂದ ಮೇಲೆ ಬಂದು ತರಕಾರಿಯನ್ನು ನೆನೆಸುತ್ತದೆ. ಒಂದು ದಿನ ಸಿಹಿಕುಂಬಳ ಇಟ್ಟು ಕಾಫಿ ಕಣಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ನೀರು ಪೂರ್ತಿ ಆರಿ, ಪಾತ್ರೆಯ ತಳ ನೀಲಿಗಟ್ಟಿ, ಕುಂಬಳಕ್ಕೆಲ್ಲ ಸೀದ ವಾಸನೆ ಹತ್ತಿತ್ತು. ಆವತ್ತು ಅವ್ವ ಏನೂ ಹೇಳಲಿಲ್ಲ. ಮರುದಿನ ಡಬ್ಬದಿಂದ ಒಂದು ಹಳೇ ನಾಣ್ಯ ತೆಗೆದು, ತೊಳೆದು ನೀರಿಗೆ ಹಾಕಿದರು. ನೀರು ಕುದಿಯುವಷ್ಟು ಹೊತ್ತು ನಾಣ್ಯ ತಳದಲ್ಲಿ ಕಟಕಟ ಅನ್ನುತ್ತದೆ. ಸದ್ದು ನಿಂತರೆ ನೀರು ಮುಗಿಯಿತು ಅಂತ ಅರ್ಥ. ಅಂಗಳದಲ್ಲಿದ್ದರೂ ಕಿವಿಗೆ ಬೀಳುತ್ತದೆ. ಈಗಲೂ ನಮ್ಮ ಹಬೆ ಪಾತ್ರೆಯೊಳಗೆ ಆ ನಾಣ್ಯ ಇದ್ದೇ ಇರುತ್ತದೆ.

ಎರಡನೆಯದು ಕರೆಂಟಿನದು. ಬೆಂಗಳೂರಿನಲ್ಲಿರುವ ಅಕ್ಕ ಪ್ರೀತಿಯಿಂದ ಕಳಿಸಿದ್ದು. ಮೂರು ಅಂತಸ್ತು, ಟೈಮರ್, ನೀರು ಮುಗಿದರೆ ತಾನೇ ಆಫ್ ಆಗುವ ಏರ್ಪಾಡು ಎಲ್ಲ ಇತ್ತು. ಅಕ್ಕನ ಮನೆಯಲ್ಲಿ ಅಂಥದ್ದೇ ಒಂದು ಚೆನ್ನಾಗಿ ನಡೆಯುತ್ತದೆ. ನಮ್ಮ ತೋಟದ ಮನೆಯಲ್ಲಿ ಆಗಲಿಲ್ಲ. ಮಳೆಗಾಲದಲ್ಲಿ ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಕರೆಂಟ್ ಎರಡು ದಿನ ಬರದಿದ್ದದ್ದೂ ಉಂಟು. ಇದ್ದಾಗಲೂ ಸಂಜೆ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ. ಕಾಯಿಲ್ ಇರುವ ಸಾಮಾನಿಗೆ ವೋಲ್ಟೇಜ್ ಸ್ವಲ್ಪ ಇಳಿದರೂ ಶಾಖ ತುಂಬಾ ಇಳಿಯುತ್ತದೆ. 230 ವೋಲ್ಟಿಗೆ 800 ವಾಟ್ ಕೊಡುವ ಕಾಯಿಲ್, 180 ವೋಲ್ಟಿಗೆ ಕೊಡುವುದು 490 ವಾಟ್ ಅಷ್ಟೇ. ಹತ್ತು ನಿಮಿಷಕ್ಕೆ ಟೈಮರ್ ಇಟ್ಟರೆ ಗಂಟೆ ಬಾರಿಸಿ ನಿಲ್ಲುತ್ತದೆ, ಕ್ಯಾರೆಟ್ ಮಾತ್ರ ಹಸಿಯೇ. ಇನ್ವರ್ಟರ್ ಮೇಲೆ ಓಡಿಸೋಣ ಅಂದರೆ ನಮ್ಮ ಚಿಕ್ಕ ಇನ್ವರ್ಟರಿಗೆ ಆ ಭಾರ ತಡೆಯುವುದಿಲ್ಲ. ಮೂರು ಅಂತಸ್ತಿನದೂ ಒಂದು ತೊಂದರೆ. ಕೆಳಗಿನದು ಬೆಂದು ಹೋದರೂ ಮೇಲಿನದು ಬೆಂದಿರುವುದಿಲ್ಲ. ಮೇಲೆ ಬೀಟ್‌ರೂಟ್ ಇಟ್ಟರೆ ಅದರ ರಸ ಸೋರಿ ಕೆಳಗಿನ ಹೂಕೋಸೆಲ್ಲ ಕೆಂಪು. ಪಟ್ಟಣದಲ್ಲಿ, ಕರೆಂಟ್ ನಂಬಿಕೆಯಿಂದ ಇರುವ ಕಡೆ, ಅಡುಗೆ ಮನೆಯಲ್ಲಿ ನಿಂತುಕೊಳ್ಳಲು ಆಗದ ವಯಸ್ಸಾದವರಿಗೆ ಅದು ಒಳ್ಳೆಯದೇ. ಅಕ್ಕನಿಗೆ ಹೇಳಿ ಅವಳ ಅತ್ತೆಗೆ ವಾಪಸ್ ಕಳಿಸಿದೆ. ಅವರು ದಿನಾ ಬಳಸುತ್ತಾರೆ.

ಮೂರನೆಯದು ಬಿದಿರಿನ ಬುಟ್ಟಿ. ಇದರ ಮೇಲೆ ನನಗೆ ತುಂಬಾ ಆಸೆ ಇತ್ತು. ಬಿದಿರಿನ ಮುಚ್ಚಳ ಹಬೆಯ ನೀರನ್ನು ತಾನೇ ಹೀರಿಕೊಳ್ಳುತ್ತದೆ, ಹನಿ ಕೆಳಗೆ ಬೀಳುವುದಿಲ್ಲ. ಅದರಲ್ಲಿ ಬೆಂದ ಬೀನ್ಸ್ ನೀರು ನೀರಾಗದೆ ಎಷ್ಟು ಚೆನ್ನಾಗಿತ್ತು! ಮಾರ್ಚಿಯಿಂದ ಮೇವರೆಗೆ ಸಂತೋಷದಿಂದ ಬಳಸಿದೆ. ಜೂನ್ ಬಂತು. ಬಟ್ಟೆಯೇ ಒಣಗದ ಮಳೆಯಲ್ಲಿ ಬುಟ್ಟಿ ಹೇಗೆ ಒಣಗೀತು? ಒಂದು ವಾರಕ್ಕೆ ಹೆಣಿಗೆಯ ಸಂದಿಯಲ್ಲಿ ಹಸಿರು ಬೂಷ್ಟು ಕಂಡಿತು. ಬಿಸಿನೀರಲ್ಲಿ ಉಜ್ಜಿ, ಸೌದೆ ಒಲೆಯ ಮೇಲ್ಗಡೆ ತೂಗುಹಾಕಿದೆ. ಬೂಷ್ಟು ಹೋಯಿತು, ಹೊಗೆ ಹಿಡಿಯಿತು. ಆಮೇಲೆ ಏನು ಬೇಯಿಸಿದರೂ ಹೊಗೆಯ ವಾಸನೆ. ಜೋರು ಮಳೆಯ ಕಕ್ಕಡ ತಿಂಗಳು ಮುಗಿಯುವ ಮೊದಲೇ ಬಿಸಾಡಬೇಕಾಯಿತು. ಬಯಲುಸೀಮೆಯವರು ಧಾರಾಳವಾಗಿ ಕೊಳ್ಳಲಿ. ಕೊಡಗಿನ ಮಳೆಗಾಲಕ್ಕೆ ಅದು ತಡೆಯುವುದಿಲ್ಲ.

ಸರಿಯಾದ ಪಾತ್ರೆ ಹೇಗಿರಬೇಕು ಅಂತ ತಿಳಿದದ್ದು ಬೈಲಕುಪ್ಪೆಯಲ್ಲಿ. ಕುಶಾಲನಗರ ದಾಟಿ, ಕಾವೇರಿಯ ಆಚೆ ದಡಕ್ಕೆ ಹೋದರೆ ಟಿಬೆಟಿನವರ ಊರು. 1961ರಿಂದ ಅವರು ಅಲ್ಲಿದ್ದಾರೆ. ಒಂದು ಚಿಕ್ಕ ಹೋಟೆಲಿನಲ್ಲಿ ಮೊಮೊಗೆ, ಅಂದರೆ ಅವರ ಹಬೆ ಕಡುಬಿಗೆ, ಕಾಯುತ್ತಾ ಅಡುಗೆ ಮನೆ ಕಡೆ ನೋಡುತ್ತಿದ್ದೆ. ಅಡುಗೆ ಮಾಡುತ್ತಿದ್ದಾಕೆ ಒಲೆ ಮೇಲಿನ ಪಾತ್ರೆಯ ಮುಚ್ಚಳ ತೆಗೆದರು. ಅಗಲವಾದ ಅಲ್ಯೂಮಿನಿಯಂ ತಟ್ಟೆ, ತುಂಬಾ ತೂತು, ಒಂದೇ ಪದರದಲ್ಲಿ ಬಿಡಿಬಿಡಿಯಾಗಿ ಜೋಡಿಸಿದ ಮೊಮೊ. ಕೆಳಗಿನ ಪಾತ್ರೆ ಆಳ, ಅರ್ಧಕ್ಕಿಂತ ಹೆಚ್ಚು ನೀರು. ಮುಚ್ಚಳ ನೇರ ಚಪ್ಪಟೆ ಅಲ್ಲ, ಗುಮ್ಮಟದ ಹಾಗೆ ಉಬ್ಬಿದೆ. ಹಬೆ ಅದಕ್ಕೆ ತಾಗಿ ನೀರಾದರೂ ಮೊಮೊ ಮೇಲೆ ಬೀಳದೆ ಅಂಚಿಗೆ ಜಾರಿ ಹೋಗುತ್ತಿತ್ತು. ನಾನು ಎದ್ದು ಹತ್ತಿರ ಹೋಗಿ ನೋಡಿದೆ. "ತಟ್ಟೆಗೆ ಎಣ್ಣೆ ಸವರಬೇಕು, ಒಂದಕ್ಕೊಂದು ತಾಗಬಾರದು," ಎಂದರು ಆಕೆ. ನನ್ನ ಮೂರೂ ಸಾಮಾನಿನಲ್ಲಿ ಏನೇನು ಕೊರತೆ ಇತ್ತೋ ಅದಕ್ಕೆಲ್ಲ ಉತ್ತರ ಆ ಒಂದು ಪಾತ್ರೆಯಲ್ಲಿತ್ತು.

ಅಲ್ಯೂಮಿನಿಯಂ ನನಗೆ ಬೇಡವಾಗಿತ್ತು. ನೀರು ಕುದಿದು ಕುದಿದು ಒಳಗೆ ಕಪ್ಪಾಗುತ್ತದೆ, ಹುಳಿ ತಾಗಿದರೂ ಆಗುವುದಿಲ್ಲ. ಮುಂದಿನ ಶುಕ್ರವಾರ ಮಡಿಕೇರಿ ಸಂತೆಗೆ ಹೋದವಳು ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಇಡ್ಲಿ ಪಾತ್ರೆಗಳನ್ನು ಒಂದೊಂದೇ ಇಳಿಸಿ ನೋಡಿದೆ. ಅಂಗಡಿಯವರು ಇಡ್ಲಿ ಗುಳಿಯ ತಟ್ಟೆಗಳನ್ನೇ ತೋರಿಸುತ್ತಿದ್ದರು. ಗುಳಿಯಲ್ಲಿ ತರಕಾರಿ ಇಟ್ಟರೆ ಸರಿಯಾಗುವುದಿಲ್ಲ, ತೂತು ಕಡಿಮೆ. "ಗುಳಿ ಬೇಡ ಅಣ್ಣ, ಚಪ್ಪಟೆ ತೂತಿನ ತಟ್ಟೆ ಬೇಕು" ಎಂದೆ. ಒಳಗಿನಿಂದ ತಂದು ಕೊಟ್ಟರು.

ಅಂಗಡಿಯಲ್ಲೇ ನಾನು ಎರಡು ಪರೀಕ್ಷೆ ಮಾಡಿದೆ. ತಟ್ಟೆಯನ್ನು ಒಳಗಿಟ್ಟು, ಅದರ ಕೆಳಗೆ ಎಷ್ಟು ಜಾಗ ಇದೆ ಅಂತ ಕೈ ಇಟ್ಟು ನೋಡಿದೆ. ನಾಲ್ಕು ಬೆರಳು ನಿಲ್ಲಬೇಕು. ಮುಚ್ಚಳ ಹಾಕಿ ಮೆಲ್ಲಗೆ ಅಲ್ಲಾಡಿಸಿದೆ. ಕುಣಿದರೆ ಹಬೆ ಪಕ್ಕದಿಂದ ಹೋಗುತ್ತದೆ, ಗ್ಯಾಸ್ ಸುಮ್ನೆ ಉರಿಯುತ್ತದೆ. ಹಾಗಂತ ಹಬೆ ಸ್ವಲ್ಪವೂ ಹೊರಹೋಗದಂತೆ ಬಿಗಿಯಾಗಿರಬಾರದು, ಒಂದು ಸಣ್ಣ ತೂತು ಇರಬೇಕು. ತಳ ದಪ್ಪವಿದ್ದರೆ ನೀರು ಆರಿದರೂ ಬೇಗ ಹಾಳಾಗುವುದಿಲ್ಲ. ಕೊನೆಗೆ ಆರಿಸಿದ್ದು 26 ಸೆಂಟಿಮೀಟರ್ ಅಗಲದ್ದು, ಎರಡು ತಟ್ಟೆ ಇರುವುದು. ಮೂರನೇ ತಟ್ಟೆ ಕೊಡುತ್ತೇವೆ ಎಂದರೂ ಬೇಡ ಎಂದೆ. ಅಷ್ಟೆತ್ತರಕ್ಕೆ ಹಬೆ ಹೋಗುವಷ್ಟರಲ್ಲಿ ಕೆಳಗಿನದು ಮುದ್ದೆಯಾಗಿರುತ್ತದೆ. ಮುಚ್ಚಳ ಚಪ್ಪಟೆಯೇ ಸಿಕ್ಕಿತು. ಅದಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ, ತುದಿಗಳನ್ನು ಹಿಡಿಯ ಮೇಲೆ ಗಂಟು ಹಾಕುತ್ತೇನೆ. ಹನಿಯನ್ನೆಲ್ಲ ಬಟ್ಟೆ ಹೀರುತ್ತದೆ. ಬಿದಿರಿನ ಮುಚ್ಚಳದ ಗುಣ ಸ್ಟೀಲಿಗೂ ಬಂತು. ಗಂಟಿನ ತುದಿ ಬೆಂಕಿಯ ಕಡೆ ಇಳಿಯದಂತೆ ಮಾತ್ರ ಎಚ್ಚರ ಬೇಕು.

ಒಂದು ಲೀಟರ್ ನೀರು ಹಾಕಿದರೆ ಹದ ಉರಿಯಲ್ಲಿ ಮುಕ್ಕಾಲು ಗಂಟೆ ನೋಡಬೇಕಾಗಿಲ್ಲ. ನೀರು ಚೆನ್ನಾಗಿ ಕುದಿದು ಹಬೆ ಬಂದ ಮೇಲೇ ತಟ್ಟೆ ಇಡುತ್ತೇನೆ. ನಮ್ಮ ಎತ್ತರದಲ್ಲಿ, ನಮ್ಮ ಒಲೆಯಲ್ಲಿ, ಬೀನ್ಸಿಗೆ ಒಂಬತ್ತು ನಿಮಿಷ. ದಪ್ಪ ಕ್ಯಾರೆಟ್ ಹೋಳಿಗೆ ಹತ್ತು, ಸೀಮೆಬದನೆಗೆ ಹನ್ನೆರಡು. ಅವ್ವನಿಗಾದರೆ ಎಲ್ಲಕ್ಕೂ ಇನ್ನೂ ಮೂರು ನಿಮಿಷ ಜಾಸ್ತಿ. ಹಸಿರು ತರಕಾರಿ ಇಟ್ಟ ಮೊದಲ ನಿಮಿಷ ಮುಚ್ಚಳ ಸ್ವಲ್ಪ ಓರೆ ಇಡುತ್ತೇನೆ. ತರಕಾರಿಯೊಳಗಿನ ಹುಳಿ ಅಂಶ ಸ್ವಲ್ಪ ಹಬೆಯ ಜೊತೆ ಹೊರಹೋಗುತ್ತದೆ, ಹಸಿರು ಉಳಿಯುತ್ತದೆ. ಅದೇ ಕಾರಣಕ್ಕೆ ಕಾಚಂಪುಳಿಯನ್ನೂ (ಕೊಡಗಿನ ಕಪ್ಪು ಹುಳಿ ರಸ) ಬೇಯುವ ಮೊದಲು ಸವರಬಾರದು, ಹುಳಿ ತಾಗಿದರೆ ಬೀನ್ಸ್ ಕಂದಾಗುತ್ತದೆ. ಇಳಿಸಿ ತಟ್ಟೆಗೆ ಹಾಕಿದ ಮೇಲೆ ಎರಡು ಹನಿ ಸಾಕು.

ಮುಚ್ಚಳವನ್ನು ಯಾವಾಗಲೂ ಮುಖದ ಆಚೆಗೆ ವಾಲಿಸಿ ತೆಗೆಯಿರಿ. ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ ಬಿಡುವ ಶಾಖ ಕುದಿನೀರಿಗಿಂತ ಬಹಳ ಜಾಸ್ತಿ. ಮನೆಯಲ್ಲಿ ಮಕ್ಕಳಿದ್ದರಂತೂ ಈ ಮಾತು ಮರೆಯಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು. ಒಳ್ಳೆಯ ಪಾತ್ರೆ ಸಿಕ್ಕಿತು ಅಂತ ಎಲ್ಲವನ್ನೂ ಹಬೆಗೆ ಇಡಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಬರುತ್ತದೆ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಆಮೇಲೆ ನೀರಲ್ಲಿ ಕುದಿಸಿ ಆ ನೀರನ್ನು ಚೆಲ್ಲಬೇಕು. ಹಿರಿಯರು ಮಾಡಿಕೊಂಡು ಬಂದದ್ದೂ ಅದನ್ನೇ. ಕೆಸದ ಸೊಪ್ಪೂ ಸುಮ್ನೆ ಹಬೆಯಲ್ಲಿ ಬೆಂದರೆ ಗಂಟಲು ತುರಿಸುತ್ತದೆ. ಹುಳಿ ಸೇರಿಸಿ ಚೆನ್ನಾಗಿ ಬೇಯಿಸಬೇಕು.

ಹೋದ ಹುತ್ತರಿ ಹಬ್ಬಕ್ಕೆ ಗೆಣಸನ್ನು ಇದೇ ಪಾತ್ರೆಯಲ್ಲಿಟ್ಟೆ. ಸಿಪ್ಪೆ ಸಮೇತ, ದೊಡ್ಡ ದೊಡ್ಡ ಹೋಳು, ಕೆಳಗೆ ಬಾಳೆ ಎಲೆಯ ತುಂಡು. ಎಲೆ ಎಲ್ಲ ತೂತನ್ನೂ ಮುಚ್ಚದಂತೆ ಪಕ್ಕದಲ್ಲಿ ಜಾಗ ಬಿಟ್ಟಿದ್ದೆ. ನಲವತ್ತು ನಿಮಿಷ ಹಿಡಿಯಿತು. ಅವ್ವ ಪಕ್ಕದಲ್ಲೇ ಮಣೆ ಹಾಕಿ ಕೂತಿದ್ದರು. ನಾಣ್ಯದ ಸದ್ದು ಸ್ವಲ್ಪ ಮೆಲ್ಲಗಾದಾಗ "ನೀರು ನೋಡು ಮಗಾ" ಎಂದರು. ಒಂದು ಲೋಟ ಬಿಸಿನೀರು ಬದಿಯಿಂದ ಹೊಯ್ದೆ. ಆಮೇಲೆ ಮುಚ್ಚಳ ತೆಗೆದು ತೆಂಗಿನ ಕಡ್ಡಿ ಚುಚ್ಚಿದೆ, ತಡೆಯದೆ ಒಳಗೆ ಇಳಿಯಿತು. ಸಿಪ್ಪೆ ಬೆರಳಿಗೇ ಸುಲಿದು ಬಂತು. ಬಟ್ಟಲಿಗೆ ಜೇನು ಹೊಯ್ದು ಅವ್ವನ ಮುಂದೆ ಇಟ್ಟೆ. ಒಂದು ಹೋಳು ಮುಗಿಸಿ, ಕೇಳದೆಯೇ ಇನ್ನೊಂದಕ್ಕೆ ಕೈ ಹಾಕಿದರು.