ಸುರಂಗದ ಪ್ರಾಜೆಕ್ಟಿಗೆ ಮಾಹಿತಿ ಹುಡುಕಿದ ಬಗೆ

ಡಿಗ್ರಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ನಮ್ಮೂರ ನೀರಿನ ಸುರಂಗಗಳನ್ನು. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯವರಿಗೆ ಸುರಂಗ ಅಂದರೆ ಏನೆಂದು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡಲಾಗಿ ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ ಕೊರೆದ ದಾರಿ. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ.

ನೆಟ್‌ನಲ್ಲಿ ಎಲ್ಲ ಸಿಗುತ್ತದೆ ಎಂದು ಕ್ಲಾಸಿನಲ್ಲಿ ಹೇಳುವವರೇ ಎಲ್ಲ. ಸಿಗುತ್ತದೆ, ಸುಳ್ಳಲ್ಲ. ಆದರೆ ಕಾಸರಗೋಡಿನ ವಿಷಯವನ್ನು ಕಾಸರಗೋಡು ಎಂದೇ ಹುಡುಕಿದರೆ ಅರ್ಧ ಕೈತಪ್ಪುತ್ತದೆ. 1956ರ ನವೆಂಬರ್ 1ರವರೆಗೆ ನಾವು ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆಮೇಲೆ ಕೇರಳದ ಕಣ್ಣೂರು ಜಿಲ್ಲೆಯ ಪಾಲು. ನಮ್ಮದೇ ಜಿಲ್ಲೆ ಆದದ್ದು 1984ರ ಮೇ 24ರಂದು. ಹಾಗಾಗಿ ಜನಗಣತಿಯ ಪುಸ್ತಕಗಳಲ್ಲಿ 1951ರ ಅಂಕಿಗಳು ಮದರಾಸಿನ ‘ಸೌತ್ ಕೆನರಾ’ದಲ್ಲಿವೆ; 1961, 1971, 1981ರವು ‘ಕ್ಯಾನನೂರ್’ನಲ್ಲಿ; 1991ರ ನಂತರದ್ದು ಮಾತ್ರ ನಮ್ಮ ಹೆಸರಲ್ಲಿ. ಯಾವ ಇಸವಿಗೆ ಯಾವ ಜಿಲ್ಲೆ, ಯಾವ ರಾಜ್ಯ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡೆ. ಗಡಿನಾಡಿನ ಯಾವ ವಿಷಯ ತೆಗೆದುಕೊಂಡರೂ ಈ ಪುಟ ಮೊದಲು ಬೇಕು. ಸರ್ಚ್ ಇಂಜಿನ್‌ಗೆ ನಮ್ಮ ಗಡಿಯ ಕಥೆ ಗೊತ್ತಿಲ್ಲ.

ಈ ದಾರಿಯಲ್ಲೇ 1894ರ ‘ಸೌತ್ ಕೆನರಾ’ ಡಿಸ್ಟ್ರಿಕ್ಟ್ ಮ್ಯಾನ್ಯುಯಲ್, ಅಂದರೆ ಬ್ರಿಟಿಷರ ಕಾಲದ ಜಿಲ್ಲಾ ಕೈಪಿಡಿ, ಸಿಕ್ಕಿತು. ಬರೆದವರು ಸ್ಟರಕ್. ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಅದನ್ನು ಬಿಟ್ಟಿಯಾಗಿ ಓದಬಹುದು, ಒಳಗಿನ ಪದಗಳನ್ನೂ ಹುಡುಕಬಹುದು. ಹಳೆಯ ಮುದ್ರಣವಾದ್ದರಿಂದ ಯಂತ್ರ ಕೆಲವು ಅಕ್ಷರಗಳನ್ನು ತಪ್ಪಾಗಿ ಓದುತ್ತದೆ. ಊರ ಹೆಸರು ಸಿಗಲಿಲ್ಲವೆಂದು ಬಿಟ್ಟುಬಿಡದೆ ಮಣ್ಣು, ಮಳೆ, ನೀರಾವರಿಯ ಅಧ್ಯಾಯಗಳನ್ನು ಕಣ್ಣಾರೆ ತಿರುವಿ ನೋಡಬೇಕು.

ಹೊಸ ಸಂಶೋಧನೆಗೆ ನಾನು ನೆಚ್ಚಿಕೊಂಡದ್ದು ಶೋಧಗಂಗಾವನ್ನು. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ, ಪಿಎಚ್‌ಡಿ ಪ್ರಬಂಧಗಳ ದೊಡ್ಡ ಭಂಡಾರ ಅದು. ಪ್ರಬಂಧಗಳು ಹೆಚ್ಚಾಗಿ ಅಧ್ಯಾಯಕ್ಕೊಂದು ಫೈಲಿನಂತೆ ಇರುತ್ತವೆ. ಅಷ್ಟನ್ನೂ ಇಳಿಸಿಕೊಂಡು ಮೊಬೈಲಿನ ಹೊಟ್ಟೆ ತುಂಬಿಸುವುದರಲ್ಲಿ ಅರ್ಥವಿಲ್ಲ. ನಾನು ಕೊನೆಯ ಗ್ರಂಥಸೂಚಿಯ ಫೈಲನ್ನೇ ಮೊದಲು ತೆರೆಯುತ್ತಿದ್ದೆ. ಮತ್ತೊಬ್ಬರು ವರ್ಷಗಟ್ಟಲೆ ಅಲೆದು ಕಲೆಹಾಕಿದ ಪಟ್ಟಿ ಅಲ್ಲಿ ಕೂತಲ್ಲೇ ಸಿಗುತ್ತದೆ. ಅದರಲ್ಲಿನ ಲೇಖನಗಳನ್ನು ಗೂಗಲ್ ಸ್ಕಾಲರ್‌ನಲ್ಲಿ ಹಾಕಿದರೆ, ಆ ಲೇಖನವನ್ನು ಮುಂದೆ ಯಾರೆಲ್ಲ ಉಲ್ಲೇಖಿಸಿದ್ದಾರೆ ಎಂಬುದೂ ಬರುತ್ತದೆ. ಸಿಕ್ಕಿದ್ದನ್ನೆಲ್ಲ ಝೊಟೆರೊದಲ್ಲಿ, ಅಂದರೆ ಆಕರಗಳ ಪಟ್ಟಿ ಇಡುವ ಸಾಫ್ಟ್‌ವೇರಿನಲ್ಲಿ, ಸೇರಿಸುತ್ತಾ ಹೋದೆ. ಅದೂ ಬಿಟ್ಟಿ. ನಮ್ಮಲ್ಲಿ ಅನೇಕರಿಗೆ ಇನಿಶಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಅಂಥ ಲೇಖಕರ ಹೆಸರನ್ನು ಎರಡು ತುಂಡು ಮಾಡದೆ ಒಂದೇ ಖಾನೆಯಲ್ಲಿ ಬರೆಯುವ ಆಯ್ಕೆ ಅದರಲ್ಲಿದೆ. ಇಲ್ಲವಾದರೆ ಗ್ರಂಥಸೂಚಿಯಲ್ಲಿ ಹೆಸರು ತಲೆಕೆಳಗಾಗಿ ಬಂದು ಕೂರುತ್ತದೆ.

ಎಐ ಚಾಟ್‌ಬಾಟನ್ನೂ ಕೇಳಿ ನೋಡಿದೆ. ಸುರಂಗಗಳ ಬಗ್ಗೆ ಚಂದದ ಹೆಸರಿನ ಪುಸ್ತಕವೊಂದನ್ನು ಹೇಳಿತು. ಲೈಬ್ರರಿ ಕ್ಯಾಟಲಾಗ್‌ಗಳಲ್ಲಿ ಹುಡುಕಿದರೆ ಅಂಥದ್ದು ಎಲ್ಲೂ ಇಲ್ಲ. ಅಂದಿನಿಂದ ಇಂಗ್ಲಿಷ್ ವಾಕ್ಯ ತಿದ್ದುವ ಕೆಲಸ ಮಾತ್ರ ಅದಕ್ಕೆ.

ಕನ್ನಡದ ಸಾಮಗ್ರಿಯ ಪಾಡು ಬೇರೆ. ಊರಿನ ಹಳೆಯ ಸ್ಮರಣ ಸಂಚಿಕೆಗಳಲ್ಲಿ ಒಳ್ಳೆಯ ಬರಹಗಳಿವೆ, ನೆಟ್‌ನಲ್ಲಿ ಇಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಗೂಗಲ್ ಲೆನ್ಸ್‌ನಿಂದ ಅಕ್ಷರವಾಗಿಸಿದೆ. ಒತ್ತಕ್ಷರ, ಅರ್ಕಾವೊತ್ತು ಬಂದ ಕಡೆಯಲ್ಲೆಲ್ಲ ಮೂಲದ ಜೊತೆ ಹೋಲಿಸಿ ತಿದ್ದಬೇಕಾಯಿತು. ಕೆಲವರು ಕೊಟ್ಟ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಈಗಿನ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸಿದ ಮೇಲಷ್ಟೇ ಹುಡುಕಲು ಬಂತು.

ಸುರಂಗಗಳಿರುವ ತೋಟಗಳಿಗೆ ಹೋದದ್ದು ಮೊಬೈಲಿನಲ್ಲಿ ಕೋಬೊ ಟೂಲ್‌ಬಾಕ್ಸ್ ಎಂಬ ಸಮೀಕ್ಷೆಯ ಸಾಧನ ಇಟ್ಟುಕೊಂಡು. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು, ನೆಟ್‌ವರ್ಕ್ ಇಲ್ಲದಿದ್ದರೂ ಉತ್ತರ ತುಂಬಿಸಬಹುದು. ನಮ್ಮ ಗುಡ್ಡದ ಬುಡಗಳಿಗೆ ಇದೇ ದೊಡ್ಡ ಉಪಕಾರ. ಗುಡ್ಡದೊಳಗೆ ಜಿಪಿಎಸ್ ಹಿಡಿಯುವುದಿಲ್ಲ. ಸುರಂಗದ ಬಾಯಿಯ ಹತ್ತಿರ ನಿಂತು ಜಾಗ ಗುರುತಿಸಿ, ಉದ್ದವನ್ನು ಮನೆಯವರಿಂದ ಕೇಳಿ ಬರೆದುಕೊಂಡೆ. ಹಿಂದೆ ಸುರಂಗ ಕೊರೆಯುತ್ತಿದ್ದ ಅಜ್ಜನೊಬ್ಬರು ನನ್ನನ್ನು ಒಳಗೆ ಬಿಡಲೇ ಇಲ್ಲ. “ಮೊದಲು ದೀಪ ಹೋಗ್ಬೇಕು ಮಗಾ, ಆಮೇಲೆ ಆಳು. ದೀಪ ನಂದಿದ್ರೆ ಹಿಂದೆ ಬರ್ಬೇಕು” ಅಂದರು. ಒಳಗೆ ಗಾಳಿ ಇದೆಯೇ ಎಂದು ನೋಡುವ ಕ್ರಮ ಅದು. ಪಿಕ್ಕಾಸಿನ ಹಿಡಿ ಯಾಕೆ ಗಿಡ್ಡವಿರಬೇಕು ಎಂಬುದನ್ನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬೀಸಿ ತೋರಿಸಿದರು. ಅಷ್ಟು ಇಕ್ಕಟ್ಟಿನಲ್ಲಿ ಉದ್ದ ಹಿಡಿ ಗೋಡೆಗೆ ತಾಗುತ್ತದೆ. ನಾನು ಓದಿದ ಪ್ರಬಂಧಗಳಲ್ಲಿ ಈ ಮಾತು ಇರಲಿಲ್ಲ. ಅವರ ತುಳು ಮಾತುಗಳನ್ನು ರೆಕಾರ್ಡ್ ಮಾಡಿ, ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳಿ ಕೈಯಲ್ಲೇ ಬರೆದೆ.

ಕೊನೆಗೆ ಎಲ್ಲವನ್ನೂ ಸಿಎಸ್‌ವಿ ಎಂಬ ಸರಳ ಕೋಷ್ಟಕದ ಫೈಲಾಗಿಸಿ, ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ನಕ್ಷೆಯ ಮೇಲೆ ಇಳಿಸಿದೆ. ಹಳೆಯ ಲ್ಯಾಪ್‌ಟಾಪ್ ಸ್ವಲ್ಪ ಒದ್ದಾಡಿತು, ಅಷ್ಟೆ. ಮನೆಯವರ ಹೆಸರನ್ನೂ ನಿಖರ ಜಾಗವನ್ನೂ ವರದಿಯಲ್ಲಿ ಹಾಕಲಿಲ್ಲ, ನಕ್ಷೆಯಲ್ಲಿ ವಾರ್ಡಿನ ಮಟ್ಟಕ್ಕೆ ನಿಲ್ಲಿಸಿದೆ. ಮೂಲ ಫೈಲು ನಮ್ಮ ಡಿಪಾರ್ಟ್‌ಮೆಂಟಿನ ಕಂಪ್ಯೂಟರಿನಲ್ಲಿದೆ. ಈ ವರ್ಷದ ಜೂನಿಯರ್‌ಗಳು ಅದಕ್ಕೆ ಬೋರ್‌ವೆಲ್‌ಗಳನ್ನೂ ಸೇರಿಸುತ್ತಿದ್ದಾರೆ.