ಮಸಿ ಹಚ್ಚದೆ ನಗಿಸಿದ್ದು: ನನ್ನ ಅನುಭವ

ಕಳೆದ ಗಣಪತಿ ಹಬ್ಬದಿಂದ ಶಿವರಾತ್ರಿವರೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಮ್ಮ ಹಾಸ್ಯ ತಂಡಕ್ಕೆ 19-20 ಪ್ರದರ್ಶನ ಸಿಕ್ಕಿತು. ಒಂದರಲ್ಲೂ ಯಾರ ಮುಖಕ್ಕೂ ಕಪ್ಪು ಬಣ್ಣ ಹಚ್ಚಲಿಲ್ಲ. ‘ಎಂತ ಮಾರಾಯ್ರೆ, ಬಣ್ಣ ಇಲ್ದೆ ಅವ ಆಫ್ರಿಕಾದವ ಅಂತ ಜನಕ್ಕೆ ಗೊತ್ತಾಗೋದು ಹೆಂಗೆ?’ ಅಂದಿದ್ದ ಸಮಿತಿಯವರೇ ಈ ಸಲ ಮುಂಗಡ ಕೊಟ್ಟು ಹೋಗಿದ್ದಾರೆ. ಬಣ್ಣ ಬಿಟ್ಟು ನಗಿಸುವುದು ಹೇಗೆ ಅಂತ ಬೇರೆ ತಂಡದವರು ಫೋನ್ ಮಾಡಿ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ತಾಲೀಮು, ಮೈಕು, ಲೈಟು ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟೆ.

ನಾಟಕ ಹಳೆಯದು, 35 ನಿಮಿಷದ್ದು. ಪೇಟೆಯಲ್ಲಿ ಮನೆ ಬಾಡಿಗೆಗೆ ಕೊಡುವ ಯಜಮಾನ, ಮನೆ ಕೇಳಿಕೊಂಡು ಬರುವ ಆಫ್ರಿಕಾದ ವಿದ್ಯಾರ್ಥಿ, ನಡುವೆ ದಲ್ಲಾಳಿ, ಗೇಟಿನಲ್ಲಿ ಗೂರ್ಖಾ. ಮೊದಲೆಲ್ಲ ವಿದ್ಯಾರ್ಥಿಗೆ ಕಪ್ಪು ಬಣ್ಣ, ಗುಂಗುರು ವಿಗ್, ದಪ್ಪ ಕೆಂಪು ತುಟಿ, ಬಾಯಲ್ಲಿ ಅರ್ಥವಿಲ್ಲದ ಸದ್ದು. ಆಗಿನ ಆರೇಳು ಪ್ರದರ್ಶನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಗೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅಳೆದೆ. ಮೊದಲ ಪ್ರವೇಶಕ್ಕೆ 8-10 ಸೆಕೆಂಡ್. ಎರಡನೇ ಸಲ ಬಂದಾಗ 3. ಮೂರನೇ ಸಲ ಮುಂದೆ ಕೂತ ಮಕ್ಕಳು ಮಾತ್ರ. ಅಲ್ಲಿಂದ ಮುಂದೆ ನಟ ಕಿರುಚಬೇಕು, ಬೀಳಬೇಕು, ಕಣ್ಣು ಹೊರಳಿಸಬೇಕು. ಬಣ್ಣದಿಂದ ಸಿಕ್ಕಿದ್ದು ಒಂದೇ ಒಂದು ನಗೆ.

ಬಣ್ಣದ ಖರ್ಚೂ ಕಡಿಮೆಯಲ್ಲ. ಕಪ್ಪು ಪ್ಯಾನ್‌ಕೇಕ್ (ಮುಖಕ್ಕೆ ಹಚ್ಚುವ ಬಣ್ಣದ ಬಿಲ್ಲೆ), ಕೊಬ್ಬರಿ ಎಣ್ಣೆ, ಹತ್ತಿ, ವಿಗ್ ಬಾಡಿಗೆ ಸೇರಿ ಒಂದು ಪ್ರದರ್ಶನಕ್ಕೆ 450-500 ರೂಪಾಯಿ. ಹ್ಯಾಲೋಜನ್ ಕೆಳಗೆ 15 ನಿಮಿಷದಲ್ಲಿ ಬೆವರಿಗೆ ಬಣ್ಣ ಕಿತ್ತು ಕುತ್ತಿಗೆಗೆ ಇಳಿಯುತ್ತದೆ, ಯಜಮಾನನ ಬಿಳಿ ಪಂಚೆಗೆ ಮೆತ್ತುತ್ತದೆ. ತೆಗೆಯಲು ಅರ್ಧ ಗಂಟೆ. ದೊಡ್ಡ ನಷ್ಟ ಬೇರೆಯೇ. ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಕಪ್ಪು ಹಾಕಿದರೂ ಅದರ ಮೇಲೆ ಬಿಳಿ ಗೆರೆ, ಕೆಂಪು ಗೆರೆ ಎಳೆದು ಹುಬ್ಬು, ಕೆನ್ನೆಯನ್ನು ದೊಡ್ಡದು ಮಾಡುತ್ತಾರೆ. ಕೊನೆಯ ಸಾಲಿಗೂ ಕಾಣಲಿ ಅಂತಲೇ ಆ ಮುಖವರ್ಣಿಕೆ. ನಾವು ಹಚ್ಚುತ್ತಿದ್ದ ಬರೀ ಕಪ್ಪು ಬೆಳಕನ್ನು ನುಂಗುತ್ತದೆ. ನಾಲ್ಕನೇ ಸಾಲಿನ ಹಿಂದೆ ಹುಬ್ಬು ಕುಣಿದದ್ದೇ ಕಾಣುವುದಿಲ್ಲ. ಒಳ್ಳೆಯ ನಟನ ಅರ್ಧ ಬಂಡವಾಳ ಅಲ್ಲೇ ಹೋಯಿತು.

‘ರಾಕ್ಷಸನಿಗೆ ಹಚ್ಚಬಹುದು, ಇವನಿಗೆ ಯಾಕೆ ಆಗದು?’ ಅನ್ನುವ ವಾದ ಪ್ರತಿ ಊರಲ್ಲೂ ಬರುತ್ತದೆ. ಆಟ ಮುಗಿದ ಮೇಲೆ ರಾಕ್ಷಸ ಯಾರೂ ಬಸ್ಸು ಹತ್ತಿ ಮನೆಗೆ ಹೋಗುವುದಿಲ್ಲ. ಶಿರಸಿ ದಾಟಿ ಯಲ್ಲಾಪುರ, ಹಳಿಯಾಳದ ಕಡೆ ಹೋದರೆ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದ ಆಫ್ರಿಕಾದವರ ವಂಶ ಅವರಲ್ಲಿ ಸೇರಿದೆ. ನಮ್ಮ ಹಾಗೇ ಕನ್ನಡ ಮಾತಾಡುವವರು. ಆ ಕಡೆಯ ಒಂದು ಪ್ರದರ್ಶನದಲ್ಲಿ ಎರಡನೇ ಸಾಲಿನಿಂದ ಇಬ್ಬರು ಹುಡುಗರು ಎದ್ದು ಹೋದರು. ಗಲಾಟೆಯಿಲ್ಲ, ಮಾತಿಲ್ಲ. ಆ ರೆಕಾರ್ಡಿಂಗಿನಲ್ಲಿ ಅವರ ಹಿಂದೆಯೇ ಜನ ನಗುವುದು ಕೇಳುತ್ತದೆ. ಮುಖಕ್ಕೆ ಮಸಿ ಬಳಿಯುವುದು ಅಂದರೆ ನಮ್ಮ ಭಾಷೆಯಲ್ಲೇ ಅವಮಾನ. ನಾವು ಅದನ್ನು ಅಕ್ಷರಶಃ ಮಾಡಿ, ಹಾಸ್ಯ ಅಂತ ವೀಳ್ಯ (ಪ್ರದರ್ಶನದ ಸಂಭಾವನೆ) ತೆಗೆದುಕೊಳ್ಳುತ್ತಿದ್ದೆವು.

ಸಿದ್ದಿ ಸಮುದಾಯ ಉತ್ತರ ಕನ್ನಡದಲ್ಲಿ 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ, 1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟರನ್ನು ಸಾರ್ವಜನಿಕರ ಎದುರು ಬೇಕಂತ ಅವಮಾನಿಸುವುದನ್ನು ಅಪರಾಧ ಅನ್ನುತ್ತದೆ. ಸಮಿತಿಯವರ ಹತ್ತಿರ ಇದನ್ನು ಹೇಳಿದರೆ ಅರ್ಧ ವಾದ ನಿಲ್ಲುತ್ತದೆ. ನಟರಿಗೆ ಮಾತ್ರ ಇದು ಸಾಲದು. ಕಾನೂನಿಗೆ ಹೆದರಿ ಬಣ್ಣ ಬಿಟ್ಟವನು ಅದನ್ನೇ ಮಾತಿನಲ್ಲಿ ವಾಪಸ್ ತರುತ್ತಾನೆ. ನಟರಿಗೆ ಮೊದಲ ದಿನ ಸಿನಿಮಾದ ಎರಡು ತುಣುಕು ತೋರಿಸುತ್ತೇನೆ, ಎರಡೂ 1968ರವು. ಒಂದರಲ್ಲಿ ಬ್ರಿಟಿಷ್ ನಟ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದು ಬಣ್ಣ ಹಚ್ಚಿ ಹಾಲಿವುಡ್‌ನಲ್ಲಿ ಭಾರತೀಯನಾಗಿದ್ದಾನೆ. ಇನ್ನೊಂದರಲ್ಲಿ ಮೆಹಮೂದ್ ಹಿಂದಿಯಲ್ಲಿ ದಕ್ಷಿಣದ ಸಂಗೀತ ಮೇಷ್ಟ್ರು. ಎರಡೂ ನುರಿತ ನಟರ ಕೆಲಸ, ನಗು ಬರುತ್ತದೆ. ಆದರೆ ಎರಡನೆಯದು ಮುಗಿಯುವಷ್ಟರಲ್ಲಿ ಯಾರಾದರೂ ಒಬ್ಬರು ‘ನಾವು ಹಿಂಗೆ ಮಾತಾಡ್ತೀವಾ?’ ಅಂದೇ ಅನ್ನುತ್ತಾರೆ. ಅಮೆರಿಕದಲ್ಲಿ 1830ರ ದಶಕದಿಂದ ಸುಟ್ಟ ಬೆಂಡಿನ ಮಸಿ ಹಚ್ಚಿಕೊಂಡು ಕರಿಯರನ್ನು ಅಣಕಿಸಿದ್ದು, ಬಿಬಿಸಿಯವರು 1978ರವರೆಗೂ ಟಿವಿಯಲ್ಲಿ ಅದೇ ಥರದ್ದನ್ನು ನಡೆಸಿದ್ದು ಆಮೇಲೆ ಹೇಳಿದರೆ ತಲೆಗೆ ಹೋಗುತ್ತದೆ. ಮೊದಲೇ ಹೇಳಿದರೆ ಪಾಠ ಆಗುತ್ತದೆ, ಕೇಳುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಪ್ರತಿ ಮುಖವೂ ಖಾಲಿ ಇಟ್ಟುಕೊಂಡು ಸ್ಕ್ರಿಪ್ಟ್ ಓದಿಸಿ, ನಗೆ ಬರುವ ಜಾಗದಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ರೂಪ ನೋಡಿ ನಗುವುದಾದರೆ ‘ರೂ’, ಮಾತಾಡುವ ಧಾಟಿಗಾದರೆ ‘ಧಾ’, ಸಂದರ್ಭಕ್ಕಾದರೆ ‘ಸಂ’. ಒಟ್ಟು 40ರ ಹತ್ತಿರ ಇತ್ತು, ಅದರಲ್ಲಿ 26 ರೂ ಮತ್ತು ಧಾ. ಅವನ್ನೆಲ್ಲ ಹೊಡೆದು ಹಾಕಿದೆ. ನಾಟಕ 19 ನಿಮಿಷಕ್ಕೆ ಇಳಿಯಿತು, ಚಪ್ಪೆ ಸಾರಿನ ಹಾಗಾಯಿತು. ಮೊದಲ ಸೀಸನ್ ಹಾಳಾಗಿದ್ದು ಇಲ್ಲೇ. ಕತ್ತರಿಸಿದ್ದು ಸರಿ, ಆ ಜಾಗಕ್ಕೆ ಏನೂ ತುಂಬದೆ ರಂಗಕ್ಕೆ ಹೋದದ್ದು ತಪ್ಪು.

ತುಂಬಬೇಕಾದದ್ದು ಯಜಮಾನನ ಕಡೆ. ವಿದ್ಯಾರ್ಥಿಗೆ ಶಿವಮೊಗ್ಗದ ಶುದ್ಧ ಕನ್ನಡ ಕೊಟ್ಟೆ. ತೊದಲುವುದೆಲ್ಲ ಯಜಮಾನನಿಗೆ ಹೋಯಿತು:

‘ಯೂ... ರೈಸ್... ಈಟಿಂಗ್?’
‘ಅಕ್ಕಿ ರೊಟ್ಟಿ ಆದ್ರೆ ಸಾಕು ಯಜಮಾನ್ರೇ. ಜೊತೆಗೆ ಅಪ್ಪೆಮಿಡಿ ಇದ್ರೆ ಇನ್ನೂ ಚಲೋ. ಬಾಡಿಗೆ ಎಷ್ಟು ಹೇಳಿ.’
‘ನೋ ನೋ. ಯುವರ್ ಕಂಟ್ರಿ... ಲಯನ್ ಕಮಿಂಗ್?’
‘ನಿಮ್ಮ ತೋಟಕ್ಕೆ ಮಂಗ ಬರಲ್ವಾ? ಹಂಗೇ.’

ಯಜಮಾನನ ಪ್ರತಿ ಇಂಗ್ಲಿಷ್ ಮಾತಿನ ನಂತರ ವಿದ್ಯಾರ್ಥಿ ಸರಿಯಾಗಿ 2 ಸೆಕೆಂಡ್ ಸುಮ್ಮನಿರಬೇಕು. 1 ಆದರೆ ಹಿಂದಿನ ಸಾಲಿಗೆ ತಲುಪುವುದಿಲ್ಲ, 3 ಆದರೆ ಮಾತು ಮರೆತ ಅಂದುಕೊಳ್ಳುತ್ತಾರೆ. ಉತ್ತರ ಕೊಡುವಾಗ ನಗಬಾರದು, ಕೊಂಕೂ ಇರಬಾರದು. ಮನೆ ಬೇಕಾದವನ ವಿನಯ ಇರಬೇಕು. ಅವನು ಎಲ್ಲಿಯವನು ಅಂತ ತಿಳಿಸಲು ಒಂದು ಕಾಲೇಜು ಬ್ಯಾಗು, ದಲ್ಲಾಳಿಯ ಒಂದು ಮಾತು, ಅಷ್ಟೇ. ಯಕ್ಷಗಾನದಲ್ಲಿ ಭಾಗವತರು ಪದ ಹೇಳಿದರೆ ಅದೇ ರಂಗ ಕಾಡೂ ಆಗುತ್ತದೆ, ಅರಮನೆಯೂ ಆಗುತ್ತದೆ. ನಮ್ಮ ಪ್ರೇಕ್ಷಕರಿಗೆ ಇದು ಹೊಸತಲ್ಲ. ಇಪ್ಪತ್ತು ಊರಲ್ಲಿ ಒಬ್ಬರೂ ‘ಅವ ಯಾರು?’ ಅಂತ ಕೇಳಲಿಲ್ಲ.

ಇದಾದ ಮೇಲೂ ಒಂದು ಪೆಟ್ಟು ಬಿತ್ತು. ಯಜಮಾನನ ಪಾತ್ರಧಾರಿ ಎಷ್ಟು ಚಂದ ಮಾಡಿದ ಅಂದರೆ ಜನ ಅವನ ಪಕ್ಷ ಸೇರಿಬಿಟ್ಟರು. ಬಣ್ಣ ಹೋದರೂ ನಗೆ ಮತ್ತೆ ವಿದ್ಯಾರ್ಥಿಯ ಮೇಲೆ ಬೀಳತೊಡಗಿತು. ಮೂರು ಸಲ ತಿದ್ದಿದ ಮೇಲೆ ಸಿಕ್ಕ ಪರಿಹಾರ ಇಷ್ಟು: ಯಜಮಾನ ಪ್ರತಿ ದಡ್ಡ ಪ್ರಶ್ನೆಗೂ ಏನಾದರೂ ಕಳೆದುಕೊಳ್ಳಬೇಕು. ಮೊದಲು 500 ರೂಪಾಯಿ ಬಾಡಿಗೆ, ಆಮೇಲೆ ಮುಂಗಡ, ಆಮೇಲೆ ಹೆಂಡತಿಯ ಎದುರಿನ ಮರ್ಯಾದೆ. ಕೊನೆಗೆ ಏನು ಕಳೆದುಕೊಳ್ಳುತ್ತಾನೆ, ಅದನ್ನು ಯಾರ ಬಾಯಲ್ಲಿ ಹೇಳಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ತಂಡದ ಅನ್ನ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬ್ರಿಟಿಷ್ ಸಾಹೇಬನಿಗೆ ಬಿಳಿ ಬಣ್ಣ ಹಚ್ಚಿ ನೋಡಿದೆ. ಆಳಿ ಹೋದವನನ್ನು ಅಣಕಿಸಿದ್ದರಿಂದ ಯಾರಿಗೂ ನೋವಾಗಲಿಲ್ಲ, ಆದರೆ ನಟ ಸರ್ಕಸ್ ಜೋಕರ್ ಥರ ಕಂಡ. ಈಗ ಟೋಪಿ ಮಾತ್ರ. ಸಿದ್ದಿ ಸಮುದಾಯದ ತರಬೇತಾದ ನಟರೊಬ್ಬರಿಗೆ ಹಳೇ ಸ್ಕ್ರಿಪ್ಟ್ ಕೊಟ್ಟು ಓದಿಸಿದ್ದೂ ಉಂಟು. ಅವರ ಬಾಯಲ್ಲಿ ಆ ಸಾಲುಗಳು ಇನ್ನೂ ಕೆಟ್ಟದಾಗಿ ಕೇಳಿಸಿದವು. ಎರಡನೇ ಪುಟಕ್ಕೆ ನಾನೇ ನಿಲ್ಲಿಸಿದೆ. ನಟನನ್ನು ಬದಲಿಸಿ ಮಾತು ಹಾಗೇ ಇಟ್ಟರೆ ಪ್ರಯೋಜನವಿಲ್ಲ. ಹೊಸ ಸ್ಕ್ರಿಪ್ಟಿಗೆ ಅವರು ಬಂದರೆ ಮುಖ್ಯ ಪಾತ್ರದ ಸಂಭಾವನೆಯೇ ಕೊಡುತ್ತೇನೆ ಅಂದಿದ್ದೇನೆ, ರಾತ್ರಿಗೆ 1,200.

ಕೆಲಸ ಮಾಡಿದ್ದು ರಟ್ಟಿನ ಮುಖವಾಡ. ಯಜಮಾನ ತನ್ನ ಮನಸ್ಸಿನಲ್ಲಿರುವ ‘ಆಫ್ರಿಕಾದವ’ನನ್ನು ದಲ್ಲಾಳಿಗೆ ವಿವರಿಸುವಾಗ ಆ ಮುಖವಾಡವನ್ನು ತಾನೇ ಕೈಯಲ್ಲಿ ಹಿಡಿಯುತ್ತಾನೆ, ಆಗಲೇ ನಿಜವಾದ ವಿದ್ಯಾರ್ಥಿ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಅಣಕವನ್ನು ದಡ್ಡನೊಬ್ಬ ಮಾಡುತ್ತಿದ್ದಾನೆ ಅಂತ ಎಲ್ಲರಿಗೂ ಕಂಡರೆ ಅದನ್ನು ನಾನು ವಿಡಂಬನೆ ಅಂತ ಒಪ್ಪುತ್ತೇನೆ. 2008ರ ಒಂದು ಹಾಲಿವುಡ್ ಚಿತ್ರದಲ್ಲಿ ರಾಬರ್ಟ್ ಡೌನಿ ಜೂನಿಯರ್ ಮಾಡಿದ್ದು ಇದೇ ಲೆಕ್ಕ. ಗೇಲಿ ಕಪ್ಪು ಬಣ್ಣ ಹಚ್ಚಿಕೊಳ್ಳುವ ನಟನ ಅಹಂಕಾರದ್ದು. ಹಾಗಿದ್ದೂ ತಕರಾರು ಬಂತು. ನಮ್ಮ ಪೆಂಡಾಲಿನಲ್ಲಿ ಅದು ಇನ್ನೂ ಕಷ್ಟ, ಯಾಕೆಂದರೆ ಯಾರೋ 20 ಸೆಕೆಂಡ್ ಕತ್ತರಿಸಿ ವಾಟ್ಸಾಪ್ ಸ್ಟೇಟಸ್ ಹಾಕುತ್ತಾರೆ. ಆ 20 ಸೆಕೆಂಡಿನೊಳಗೇ ಮುಖವಾಡವೂ ಅದನ್ನು ಹಿಡಿದ ಕೈಯೂ ಎರಡೂ ಕಾಣಬೇಕು. ಮುಖವಾಡ ಮುಖದಿಂದ ಒಂದು ಗೇಣು ದೂರವೇ ಇರಲಿ. ಹಾಕಿಕೊಂಡರೆ ಹಳೇ ನಾಟಕವೇ ಆಗುತ್ತದೆ. ರಟ್ಟು, ಮೈದಾ ಅಂಟು, ಬಣ್ಣ ಸೇರಿ 80 ರೂಪಾಯಿ, ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ, ವರ್ಷಕ್ಕೊಂದು ಬೇಕು.

ದುಡ್ಡಿನ ಮಾತು. ಮೊದಲು ವೀಳ್ಯ 12,000 ಇತ್ತು. ಬಣ್ಣ ಬಿಟ್ಟ ಮೊದಲ ವರ್ಷ 14 ಪ್ರದರ್ಶನದಲ್ಲಿ 3 ತಪ್ಪಿಹೋಯಿತು, ಒಂದು ಕಡೆ ‘ಕರಿಯ ಬರಲೇ ಇಲ್ಲ’ ಅಂತ ಬಾಕಿ 4,000 ಕೊಡಲಿಲ್ಲ. ವ್ಯಾನಿನ ಡೀಸೆಲ್, ನಟರ ಸಂಭಾವನೆ ಕೈಯಿಂದ ಹಾಕಿ ಹತ್ತಿರ ಹತ್ತಿರ 35,000 ನಷ್ಟ. ಎರಡನೇ ವರ್ಷ ಅಸಲು ಬಂತು. ಈಗ 16,000, ದೂರವಾದರೆ ಮೇಲೆ ಡೀಸೆಲ್. ನಾಟಕ 40 ನಿಮಿಷ ನಡೆಯುತ್ತದೆ, ನಗೆ 50ರ ಮೇಲೆ. ಹಿಂದಿನದಕ್ಕಿಂತ ಇದು ಒಳ್ಳೆಯ ನಾಟಕ ಅಂತ ಧೈರ್ಯವಾಗಿ ಹೇಳುತ್ತೇನೆ.

ಗೂರ್ಖಾ ಪಾತ್ರ ಇನ್ನೂ ಕೂತಿಲ್ಲ. ಚಪ್ಪಟೆ ಮೂಗು, ‘ಶಾಬ್‌ಜೀ’ ಎರಡೂ ತೆಗೆದೆ. ತೆಗೆದ ಮೇಲೆ ಅವನಿಗೆ ನಾಟಕದಲ್ಲಿ ಕೆಲಸವೇ ಉಳಿಯಲಿಲ್ಲ. ಅಂದರೆ ಇಷ್ಟು ವರ್ಷ ಅವನಿಗೆ ಪಾತ್ರವನ್ನೇ ಬರೆದಿರಲಿಲ್ಲ. ಈ ಮಳೆಗಾಲದಲ್ಲಿ ಅವನಿಗೊಂದು ಮನೆ, ಊರಿಗೆ ಕಳಿಸುವ ದುಡ್ಡು, ಯಜಮಾನನ ಗುಟ್ಟುಗಳು, ಇಷ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಆರು ಪುಟ ಆಗಿದೆ, ಓದಿಸಿದಾಗ ‘ಸಂ’ ಗುರುತು ನಾಲ್ಕೇ ಬಿದ್ದವು.